ಕೊನೆಯ ಇನ್ನೂರು ಮೀಟರು

ದಖ್ಖನ ಪೀಠಭೂಮಿಯ ಮೇಲೆ, ಮಾಂಜರಾ ನದಿಯೂ ಅದನ್ನು ಬಂದು ಕೂಡುವ ತೇರಣಾ ನದಿಯೂ ಹರಿಯುವ ಎರೆಮಣ್ಣಿನ ಸೀಮೆಯಲ್ಲಿ, ಉದಗೀರ, ನಿಲಂಗಾ, ಉಮರ್ಗಾ ಎಂಬ ಮೂರು ಊರುಗಳು ಈಶಾನ್ಯದಿಂದ ನೈಋತ್ಯಕ್ಕೆ ಓರೆಯಾದ ಒಂದು ಸಾಲಿನಲ್ಲಿ ನೆಲಸಿವೆ. ಇಂದು ಇವು ಮಹಾರಾಷ್ಟ್ರದ ಊರುಗಳು. ಆದರೆ ಉದಗೀರವೂ ನಿಲಂಗಾವೂ 1956ರ ರಾಜ್ಯ ಪುನರ್ವಿಂಗಡಣೆಯ ತನಕ ಬೀದರ ಜಿಲ್ಲೆಯ ತಾಲೂಕುಗಳಾಗಿದ್ದವು. ಉಮರ್ಗಾ ತಾಲೂಕಿನ ಎಲ್ಲೆಗೆ ಹೊಂದಿಕೊಂಡೇ ಕರ್ನಾಟಕದ ಆಳಂದ ತಾಲೂಕಿದೆ. ಗಡಿಯ ಎರಡು ಬದಿಗಳಲ್ಲಿಯೂ ಕನ್ನಡ, ಮರಾಠಿ, ಉರ್ದು ಮೂರೂ ಸಂತೆಯ ಮಾತಿನಲ್ಲಿ ಬೆರೆತು ಬರುತ್ತವೆ. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿರುವ ಈ ನಾಡನ್ನು ಬಯಲೆಂದು ಕರೆದರೂ ಅದು ಪೂರ್ತಿಯಾಗಿ ಸಪಾಟವಲ್ಲ: ರಸ್ತೆಯು ಮೆಲ್ಲನೆ ಏರಿ ಮೆಲ್ಲನೆ ಇಳಿಯುತ್ತದೆ, ಮರಗಳ ಮರೆ ವಿರಳವಾಗಿದೆ, ತೊಗರಿಯ ಮತ್ತು ಸೋಯಾದ ಹೊಲಗಳ ಮೇಲೆ ಗಾಳಿಯು ತಡೆಯಿಲ್ಲದೆ ಬೀಸುತ್ತದೆ.

ಈ ಮೂರು ಊರುಗಳನ್ನು ಪೋಣಿಸಿಕೊಂಡು ಅಂತರರಾಷ್ಟ್ರೀಯ ದರ್ಜೆಯದೊಂದು ಸೈಕಲ್ ಸ್ಪರ್ಧೆ ನಡೆಯುವುದೆಂದು ಭಾವಿಸೋಣ. ಸವಾರರು ಉದಗೀರದ ಕೋಟೆಯ ಬಳಿ ಹೊರಟು, ನಿಲಂಗಾವನ್ನು ಹಾದು ಉಮರ್ಗಾ ತಲುಪುವಾಗ ಸುಮಾರು ನೂರು ಕಿಲೋಮೀಟರ್ ಕ್ರಮಿಸಿರುತ್ತಾರೆ. ವೃತ್ತಿಪರ ಸ್ಪರ್ಧೆಯ ಒಂದು ದಿನದ ದಾರಿ ಸಾಮಾನ್ಯವಾಗಿ 150ರಿಂದ 200 ಕಿಲೋಮೀಟರ್ ಇರುವುದರಿಂದ, ಸುತ್ತಲಿನ ಹಳ್ಳಿದಾರಿಗಳನ್ನು ಇನ್ನೊಂದಷ್ಟು ಬಳಸಿ, ಕೊನೆಗೆ ಪುಣೆಯಿಂದ ಸೊಲ್ಲಾಪುರದ ಮೇಲೆ ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲಿ ಗುರಿರೇಖೆಯನ್ನು ಮುಟ್ಟುತ್ತಾರೆ. ದಾರಿಯಲ್ಲಿ ಬಲಶಾಲಿಯನ್ನು ದುರ್ಬಲನಿಂದ ಬೇರ್ಪಡಿಸುವ ಘಟ್ಟಗಳಿಲ್ಲದಿರುವುದರಿಂದ, ನೂರೈವತ್ತು ಮಂದಿ ಹೊರಟರೆ ನೂರಕ್ಕೂ ಹೆಚ್ಚು ಮಂದಿ ಒಂದೇ ಗುಂಪಾಗಿ ಉಮರ್ಗಾದ ಹೊರವಲಯವನ್ನು ಪ್ರವೇಶಿಸುವರು. ನಾಲ್ಕು ಗಂಟೆಗಳ ಶ್ರಮದ ಫಲವು ಹತ್ತು ಹನ್ನೆರಡು ಸೆಕೆಂಡುಗಳಲ್ಲಿ ನಿರ್ಣಯವಾಗುವುದು. ಇಂಥ ಸೆಕೆಂಡುಗಳಿಗಾಗಿಯೇ ಪ್ರತಿಯೊಂದು ತಂಡವೂ ಸಾಕಿಕೊಂಡಿರುವ ವಿಶಿಷ್ಟ ಸವಾರನೇ ಸ್ಪ್ರಿಂಟರ್.

ಇವನನ್ನು ಗೆಲ್ಲಿಸುವುದು ಯಾವುದೆಂದು ಕೇಳಿದರೆ, ಕಾಲಿನ ಬಲವೆಂಬ ಉತ್ತರವು ಯಾರ ಬಾಯಿಗಾದರೂ ತಟ್ಟನೆ ಬರುತ್ತದೆ. ಅದು ಸುಳ್ಳಲ್ಲ, ಬಲವಿಲ್ಲದವನು ಆ ಕೊನೆಯ ಘಟ್ಟದಲ್ಲಿ ಕಣ್ಣಿಗೆ ಬೀಳುವುದೇ ಇಲ್ಲ. ಆದರೆ ಆ ಘಟ್ಟದವರೆಗೆ ಬಂದ ಹತ್ತು ಹದಿನೈದು ಮಂದಿಯಲ್ಲಿ ಎಲ್ಲರಿಗೂ ಬಲವಿರುವುದರಿಂದ, ಒಬ್ಬನು ಮಾತ್ರ ಮತ್ತೆ ಮತ್ತೆ ಗೆಲ್ಲುವುದಕ್ಕೆ ಕಾರಣವನ್ನು ಬೇರೆಡೆ ಹುಡುಕಬೇಕಾಗುತ್ತದೆ. ಸ್ಪ್ರಿಂಟರನ ವಿದ್ಯೆಯು ಮುಖ್ಯವಾಗಿ ಮಿತವ್ಯಯದ ವಿದ್ಯೆ: ತನ್ನಲ್ಲಿರುವ ಶಕ್ತಿಯನ್ನು ಇಡೀ ದಿನ ಖರ್ಚು ಮಾಡದೆ ಉಳಿಸಿಕೊಂಡು, ಖರ್ಚು ಮಾಡತಕ್ಕ ಕ್ಷಣವನ್ನೂ ಸ್ಥಳವನ್ನೂ ತಾನೇ ಆರಿಸಿಕೊಳ್ಳುವವನು ಗೆಲ್ಲುತ್ತಾನೆ. ಈ ಅಧ್ಯಾಯದಲ್ಲಿ ಆ ಮಿತವ್ಯಯದ ಭೌತಶಾಸ್ತ್ರವನ್ನೂ ಶರೀರಶಾಸ್ತ್ರವನ್ನೂ ಕ್ರಮವಾಗಿ ಪರಿಶೀಲಿಸೋಣ.

ಮೊದಲನೆಯ ವೈರಿ ಗಾಳಿ. ಸಪಾಟಾದ ರಸ್ತೆಯ ಮೇಲೆ ಸೈಕಲ್ ಸವಾರನು ವ್ಯಯಿಸುವ ಶಕ್ತಿಯ ಬಹುಪಾಲು, ಟೈರು ಮತ್ತು ಸರಪಳಿಗಳ ಘರ್ಷಣೆಗಲ್ಲದೆ, ಎದುರಿನ ಗಾಳಿಯನ್ನು ಸೀಳುವುದಕ್ಕೇ ಹೋಗುತ್ತದೆ. ಗಾಳಿಯ ತಡೆಯು ವೇಗದ ವರ್ಗಕ್ಕೆ ಅನುಗುಣವಾಗಿಯೂ, ಅದನ್ನು ಮೀರಲು ಬೇಕಾಗುವ ಸಾಮರ್ಥ್ಯವು ವೇಗದ ಘನಕ್ಕೆ ಅನುಗುಣವಾಗಿಯೂ ಏರುತ್ತವೆ. ವೇಗ ಒಂದೂವರೆ ಪಟ್ಟಾದರೆ ಸಾಮರ್ಥ್ಯವು ಮೂರು ಪಟ್ಟನ್ನೂ ಮೀರಬೇಕು. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಒಂಟಿಯಾಗಿ ಸಾಗುವ ಸವಾರನೊಬ್ಬನಿಗೆ ಗಾಳಿಯ ಸಲುವಾಗಿಯೇ ಸುಮಾರು 250 ವ್ಯಾಟ್ ಬೇಕಾದರೆ, ಅವನೇ ಅದೇ ಭಂಗಿಯಲ್ಲಿ 60 ಕಿಲೋಮೀಟರ್ ವೇಗವನ್ನು ತಲುಪಲು ಸುಮಾರು 840 ವ್ಯಾಟ್ ಸುರಿಯಬೇಕಾಗುತ್ತದೆ. ಆದುದರಿಂದ ಅತಿವೇಗದಲ್ಲಿ ಇನ್ನೊಂದಿಷ್ಟು ಬಲವನ್ನು ಕೂಡಿಸಿಕೊಳ್ಳುವುದಕ್ಕಿಂತ, ಎದುರಿಸಬೇಕಾದ ಗಾಳಿಯನ್ನು ಕಡಮೆ ಮಾಡಿಕೊಳ್ಳುವುದೇ ಹೆಚ್ಚು ಲಾಭದಾಯಕವಾದ ವ್ಯಾಪಾರ.

ಗಾಳಿಯೂ ಎಲ್ಲೆಡೆ ಒಂದೇ ಸಮನಲ್ಲ. ಸಮುದ್ರಮಟ್ಟದಲ್ಲಿ, 15 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಒಂದು ಘನಮೀಟರ್ ಗಾಳಿಯ ತೂಕ ಸುಮಾರು 1.225 ಕಿಲೋಗ್ರಾಂ. ಎತ್ತರಕ್ಕೆ ಹೋದಂತೆ ಒತ್ತಡವಿಳಿದೂ, ಬಿಸಿಯೇರಿದಂತೆ ಹಿಗ್ಗಿಯೂ ಗಾಳಿ ತೆಳುವಾಗುತ್ತದೆ. ಉಮರ್ಗಾದ ಎತ್ತರದಲ್ಲಿ, ವೈಶಾಖದ 40 ಡಿಗ್ರಿ ಬಿಸಿಲಿನಲ್ಲಿ, ಅದೇ ಒಂದು ಘನಮೀಟರ್ ಗಾಳಿ ಸುಮಾರು 1.05 ಕಿಲೋಗ್ರಾಂ ಮಾತ್ರ ತೂಗೀತು. ನೂರಕ್ಕೆ ಹದಿನಾಲ್ಕರಷ್ಟಾದ ಈ ಇಳಿತವನ್ನು ವೇಗಕ್ಕೆ ಪರಿವರ್ತಿಸಿ ನೋಡಿದರೆ, ಉತ್ತರ ಯೂರೋಪಿನ ತಂಪಾದ ಕರಾವಳಿಯಲ್ಲಿ 60 ಕಿಲೋಮೀಟರ್ ವೇಗವನ್ನು ಕೊಡುವ ಕಾಲುಗಳು ಇಲ್ಲಿ ಹತ್ತಿರಹತ್ತಿರ 63 ಕಿಲೋಮೀಟರನ್ನು ಕೊಡಬಲ್ಲವೆಂದು ತೋರುತ್ತದೆ. ಆದರೆ ಈ ಕೊಡುಗೆಯನ್ನು ಕೊಡುವ ಬಿಸಿಲೇ ಇನ್ನೊಂದು ಕೈಯಿಂದ ಅದನ್ನು ಕಸಿದುಕೊಳ್ಳುವುದೂ ಉಂಟು: ದೇಹವನ್ನು ತಣಿಸುವುದಕ್ಕಾಗಿ ರಕ್ತವು ಚರ್ಮದ ಕಡೆಗೆ ಹರಿಯಬೇಕಾಗಿ ಬರುವುದರಿಂದ, ನಾಲ್ಕು ಗಂಟೆಗಳ ಅನಂತರ ಸ್ನಾಯುವಿಗೆ ಉಳಿಯುವ ಪಾಲು ಕ್ಷೀಣಿಸುತ್ತದೆ. ಗಾಳಿ ತೆಳುವಾದುದರ ಲಾಭವು ನೀರು ಕುಡಿಯುವುದನ್ನೂ ನೆರಳು ಹಿಡಿಯುವುದನ್ನೂ ಬಲ್ಲವನಿಗೆ ಮಾತ್ರ ಸಲ್ಲುತ್ತದೆ.

ಇಲ್ಲಿ ನೆರಳೆಂದರೆ ಗಾಳಿಯ ನೆರಳು. ಮುಂದಿನವನ ಬೆನ್ನ ಹಿಂದೆ ಗಾಲಿಗೆ ಗಾಲಿ ತಾಗುವಷ್ಟು ಸನಿಹದಲ್ಲಿ ಸಾಗುವವನಿಗೆ ಗಾಳಿಯ ತಡೆ ಗಣನೀಯವಾಗಿ ತಗ್ಗುವುದೆಂಬುದು ಸವಾರರಿಗೆ ಬಹುಕಾಲದಿಂದ ಅನುಭವವೇದ್ಯವಾಗಿತ್ತು. ದೊಡ್ಡ ಗುಂಪಿನ ನಡುವೆ ಆ ತಗ್ಗು ಎಷ್ಟು ಆಳವಾದುದೆಂಬುದು ಮಾತ್ರ ಇತ್ತೀಚಿನವರೆಗೆ ಯಾರಿಗೂ ಸ್ಪಷ್ಟವಾಗಿರಲಿಲ್ಲ. 2018ರಲ್ಲಿ ಬರ್ಟ್ ಬ್ಲಾಕೆನ್ ಎಂಬ ವಾಯುಚಲನಶಾಸ್ತ್ರಜ್ಞರೂ ಅವರ ಸಹೋದ್ಯೋಗಿಗಳೂ 121 ಸವಾರರ ಗುಂಪೊಂದನ್ನು ಗಣಕಯಂತ್ರದ ಲೆಕ್ಕಾಚಾರದಿಂದಲೂ ಗಾಳಿಸುರಂಗದ ಪ್ರಯೋಗದಿಂದಲೂ ಪರೀಕ್ಷಿಸಿದಾಗ, ಗುಂಪಿನ ಹಿಂಭಾಗದ ನಡುವೆ ಅಡಗಿರುವವನು ಎದುರಿಸುವ ತಡೆಯು ಒಂಟಿ ಸವಾರನದರಲ್ಲಿ ನೂರಕ್ಕೆ ಐದರಿಂದ ಹತ್ತರಷ್ಟು ಮಾತ್ರವೆಂದು ಕಂಡುಬಂದಿತು. ಹೀಗಿರುವಾಗ ಬುದ್ಧಿವಂತನಾದ ಸ್ಪ್ರಿಂಟರನು ನೂರೈವತ್ತು ಕಿಲೋಮೀಟರುಗಳನ್ನು ಇತರರ ಬೆನ್ನುಗಳ ಆಸರೆಯಲ್ಲಿ ಕಳೆದು, ತನ್ನ ಮುಖವನ್ನು ಗಾಳಿಗೆ ತೋರಿಸದೆ ಗುರಿಯ ಸಮೀಪಕ್ಕೆ ಬರುವುದರಲ್ಲಿ ಆಶ್ಚರ್ಯವೇನು?

ಆಸರೆಯಾದರೂ ಸದಾ ಬೆನ್ನ ಹಿಂದೆಯೇ ಇರುವುದಿಲ್ಲ. ಆಷಾಢದಲ್ಲಿ ಪಡುವಣ ಗಾಳಿ ಈ ಬಯಲಿನ ಮೇಲೆ ಭೋರೆಂದು ಬೀಸುವಾಗ, ನಿಲಂಗಾದಿಂದ ದಕ್ಷಿಣದತ್ತ ಉಮರ್ಗಾಕ್ಕೆ ಸಾಗುವ ಸವಾರನಿಗೆ ಅದು ಬಲಗೆನ್ನೆಗೆ ಬಡಿಯುತ್ತದೆ. ಆಗ ಅವನಿಗೆ ಮರೆಯು ಮುಂದಿನವನ ನೇರ ಹಿಂದೆ ದೊರೆಯದೆ, ಹಿಂಬದಿಯ ಎಡ ಓರೆಯಲ್ಲಿ ದೊರೆಯುತ್ತದೆ. ಬಲ್ಲ ತಂಡಗಳು ರಸ್ತೆಯ ಬಲ ಅಂಚಿನಿಂದ ಎಡ ಅಂಚಿನವರೆಗೆ ಓರೆಸಾಲನ್ನು ಹೂಡಿ, ಸಾಲಿನಲ್ಲಿ ಸ್ಥಳ ಸಿಗದವರನ್ನು ಎಡ ಅಂಚಿನಲ್ಲಿ ಗಾಳಿಗೆ ಒಡ್ಡಿ, ಕೆಲವೇ ನಿಮಿಷಗಳಲ್ಲಿ ಗುಂಪನ್ನು ನಾಲ್ಕಾರು ತುಂಡುಗಳಾಗಿ ಹರಿದುಬಿಡುತ್ತವೆ. ಎಷ್ಟೇ ಬಲಶಾಲಿಯಾದ ಸ್ಪ್ರಿಂಟರನಾದರೂ ಆ ಕ್ಷಣದಲ್ಲಿ ಗುಂಪಿನ ಹಿಂದೆ ಮೈಮರೆತಿದ್ದರೆ, ಅವನ ಪಾಲಿನ ಸ್ಪರ್ಧೆಯು ಗುರಿಗೆ ಅರವತ್ತು ಕಿಲೋಮೀಟರ್ ಇರುವಾಗಲೇ ಮುಗಿದಂತೆ. ಘಟ್ಟವಿಲ್ಲದ ಬಯಲುನಾಡು ಸುಲಭವೆಂದು ತಿಳಿದವರು ಗಾಳಿಯ ಈ ಕೈಚಳಕವನ್ನು ಮರೆತಿರುತ್ತಾರೆ.

ಇನ್ನು ಶರೀರದ ವಿಚಾರ. ನಮ್ಮ ಸ್ನಾಯುಗಳಲ್ಲಿ ಸ್ಥೂಲವಾಗಿ ಎರಡು ಬಗೆಯ ತಂತುಗಳುಂಟು: ನಿಧಾನವಾಗಿ ಸಂಕುಚಿಸಿ ದೀರ್ಘಕಾಲ ದಣಿಯದೆ ದುಡಿಯುವವು ಒಂದು ಬಗೆ, ಶೀಘ್ರವಾಗಿ ಸಂಕುಚಿಸಿ ಅಪಾರವಾದ ಬಲವನ್ನು ಹೊಮ್ಮಿಸಿ ಬೇಗನೆ ಬಳಲುವವು ಇನ್ನೊಂದು ಬಗೆ. ಸ್ಪ್ರಿಂಟರನ ತೊಡೆಯಲ್ಲಿ ಎರಡನೆಯ ಬಗೆಯವು ಸಮೃದ್ಧವಾಗಿರಬೇಕು. ಸ್ನಾಯುವಿನ ನೇರ ಇಂಧನವಾದ ಎಟಿಪಿ ಎಂಬ ರಾಸಾಯನಿಕವು ಕೆಲವೇ ಕ್ಷಣಗಳಿಗಾಗುವಷ್ಟು ಮಾತ್ರ ಸಂಗ್ರಹವಾಗಿರುತ್ತದೆ. ಅದನ್ನು ತತ್‌ಕ್ಷಣ ಮರಳಿ ತುಂಬುವ ಕ್ರಿಯಾಟಿನ್ ಫಾಸ್ಫೇಟ್ ಸುಮಾರು ಹತ್ತು ಸೆಕೆಂಡುಗಳ ಕಾಲ ಒದಗುತ್ತದೆ. ಅದರೊಡನೆಯೇ ಗ್ಲೈಕೋಜನ್ ಆಮ್ಲಜನಕದ ನೆರವಿಲ್ಲದೆ ಒಡೆಯತೊಡಗಿ ಇನ್ನಷ್ಟು ಬಲವನ್ನು ಕೊಡುತ್ತದೆ. ಕೊನೆಯ ಇನ್ನೂರು ಮೀಟರುಗಳಿಗೆ ಬೇಕಾಗುವ ಕಾಲವೂ ಈ ದಾಸ್ತಾನು ಒದಗುವ ಕಾಲವೂ ಬಹುಮಟ್ಟಿಗೆ ಒಂದೇ ಆಗಿರುವುದು ಆಕಸ್ಮಿಕವಲ್ಲ. ಅದಕ್ಕಿಂತ ದೂರದಿಂದ ಹೊರಟವನ ದೇಹವು ಗುರಿರೇಖೆಯ ಮುನ್ನವೇ ಕೈಬಿಡುವುದೆಂಬ ಅನುಭವದಿಂದಲೇ ಸವಾರರು ಆ ಅಂತರವನ್ನು ಕಂಡುಕೊಂಡಿದ್ದಾರೆ.

ಆದರೆ ಈ ಹತ್ತು ಸೆಕೆಂಡುಗಳ ಹಿಂದೆ ನಾಲ್ಕು ಗಂಟೆಗಳಿವೆ. ಸ್ನಾಯುಗಳಲ್ಲಿಯೂ ಯಕೃತ್ತಿನಲ್ಲಿಯೂ ಸೇರಿ ದೇಹವು ಕೂಡಿಟ್ಟುಕೊಳ್ಳಬಲ್ಲ ಗ್ಲೈಕೋಜನ್ ಸುಮಾರು ಅರ್ಧ ಕಿಲೋಗ್ರಾಂ ಮಾತ್ರ. ದಾರಿಯುದ್ದಕ್ಕೂ ಗಂಟೆಗೆ ಅರವತ್ತು, ತೊಂಬತ್ತು, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು ಗ್ರಾಂ ಶರ್ಕರವನ್ನು ನುಂಗುತ್ತ ಹೋದರೂ, ವ್ಯರ್ಥವಾಗಿ ಒಂದು ಉಬ್ಬನ್ನು ಜಿಗಿದು ಹತ್ತಿದುದು, ತಿರುವಿನಲ್ಲಿ ಹಿಂದುಳಿದು ಮತ್ತೆ ಅಟ್ಟಿಸಿಕೊಂಡು ಬಂದುದು, ಇವೆಲ್ಲವೂ ಅದೇ ಶೀಘ್ರತಂತುಗಳ ಗ್ಲೈಕೋಜನನ್ನು ಸುಟ್ಟುಹಾಕುತ್ತವೆ. ಮಳೆಯಾಶ್ರಯದ ರೈತನು ಬೇಸಗೆಯ ಹಸಿವಿನಲ್ಲಿಯೂ ಬಿತ್ತನೆಯ ಜೋಳದ ಚೀಲಕ್ಕೆ ಕೈಹಾಕದಿರುವಂತೆ, ಸ್ಪ್ರಿಂಟರನು ಆ ಪುಟ್ಟ ದಾಸ್ತಾನನ್ನು ದಿನವಿಡೀ ಮುಟ್ಟದೆ ಕಾಯ್ದುಕೊಳ್ಳಬೇಕು. ದಣಿಯದಿರುವಾಗ ಯಾರು ವೇಗಿಯೆಂಬುದು ಇಲ್ಲಿ ಪ್ರಶ್ನೆಯಲ್ಲ. ಎಲ್ಲರೂ ದಣಿದಾಗ ಯಾರ ವೇಗವು ಕಡಮೆ ಕುಂದಿದೆಯೆಂಬುದೇ ಪ್ರಶ್ನೆ.

ಪಾವ್ಲೊ ಮೆನಾಸ್ಪಾ ಮತ್ತು ಅವರ ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನವು ಇದನ್ನು ಅಂಕಿಗಳಲ್ಲಿ ತೋರಿಸಿತು. ಆರು ಮಂದಿ ವೃತ್ತಿಪರ ಸವಾರರ ಸೈಕಲ್ಲುಗಳಿಗೆ ಅಳವಡಿಸಿದ್ದ ಮಾಪಕಗಳನ್ನು ಅವರು ಪರಿಶೀಲಿಸಿದಾಗ, ಅಂತಿಮ ಓಟವು ಸರಾಸರಿ 13 ಸೆಕೆಂಡುಗಳಷ್ಟಿದ್ದು, ಆ ಅವಧಿಯ ವೇಗ ಗಂಟೆಗೆ ಸುಮಾರು 64 ಕಿಲೋಮೀಟರ್, ಸರಾಸರಿ ಸಾಮರ್ಥ್ಯ ಸುಮಾರು 1020 ವ್ಯಾಟ್ ಎಂದು ತಿಳಿಯಿತು. ಎಂದರೆ ನೂರು ಕಿಲೋಗ್ರಾಂ ಭಾರವನ್ನು ಪ್ರತಿ ಸೆಕೆಂಡಿಗೆ ಒಂದು ಮೀಟರಿಗೂ ಮಿಕ್ಕಿ ಎತ್ತುವಷ್ಟು. ಇನ್ನೂ ಗಮನಾರ್ಹವಾದ ಅಂಶ ಅದರ ಹಿಂದಿನದು: ಓಟಕ್ಕೆ ಮೊದಲಿನ ಹತ್ತು ನಿಮಿಷಗಳಲ್ಲಿ ಆ ಸವಾರರು ಸರಾಸರಿ ಸುಮಾರು 320 ವ್ಯಾಟ್, ಐದು ನಿಮಿಷಗಳಲ್ಲಿ 360 ವ್ಯಾಟ್, ಕೊನೆಯ ಒಂದು ನಿಮಿಷದಲ್ಲಿ 490 ವ್ಯಾಟ್‌ನ ಹತ್ತಿರ ವ್ಯಯಿಸಿದ್ದರು. ವಿಶ್ರಾಂತಿಯಿಂದೆದ್ದು ಓಡುವ ಭಾಗ್ಯ ಸ್ಪ್ರಿಂಟರನಿಗಿಲ್ಲ. ಏರುತ್ತಲೇ ಇರುವ ಶ್ರಮದ ತುದಿಯಲ್ಲಿ ಅವನು ಜಿಗಿಯಬೇಕು.

ರಸ್ತೆಯ ಸ್ಪ್ರಿಂಟರನಿಗೂ ವೆಲೊಡ್ರೋಮಿನ ಸ್ಪ್ರಿಂಟರನಿಗೂ ಇರುವ ಅಂತರ ಇದೇ. ಬಾಗಿದ ಹಲಗೆಯ ಹಾದಿಯ ಮೇಲೆ, ದಣಿಯದ ಕಾಲುಗಳಿಂದ ಜಿಗಿಯುವವರಲ್ಲಿ 2000 ವ್ಯಾಟನ್ನು ಮೀರುವವರಿದ್ದಾರೆ. ಭಾರತಕ್ಕೆ ಈ ವಿದ್ಯೆ ದೂರದ್ದೇನೂ ಅಲ್ಲ: 2019ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ಆನ್ ಡೆರ್ ಓಡೆರ್ ನಗರದಲ್ಲಿ ನಡೆದ ಕಿರಿಯರ ವಿಶ್ವಸ್ಪರ್ಧೆಯಲ್ಲಿ ಏಸೋ ಆಲ್ಬೆನ್, ರೊನಾಲ್ಡೊ ಸಿಂಗ್, ರೋಜಿತ್ ಸಿಂಗ್ ಅವರ ತಂಡವು ಟೀಮ್ ಸ್ಪ್ರಿಂಟಿನಲ್ಲಿ ಚಿನ್ನದ ಪದಕವನ್ನೇ ಗೆದ್ದಿತು. ಆ ಸ್ಪರ್ಧೆಯು ಒಂದು ನಿಮಿಷದೊಳಗೆ ಮುಗಿಯತಕ್ಕದ್ದು. ನಮ್ಮವರಲ್ಲಿ ಶೀಘ್ರತಂತುಗಳಿಗೆ ಕೊರತೆಯಿಲ್ಲವೆಂಬುದನ್ನು ಅದು ಸಾಬೀತುಪಡಿಸಿತು. ಆದರೆ ಆ ತಂತುಗಳನ್ನು ಇನ್ನೂರು ಕಿಲೋಮೀಟರುಗಳ ಆಚೆಗೆ ಜೀವಂತವಾಗಿ ಸಾಗಿಸುವುದು ಬೇರೆಯೇ ಆದ ಸಾಧನೆ.

ದೇಹದ ಗಾತ್ರದ ವಿಷಯದಲ್ಲಿ ಪ್ರಕೃತಿಯು ಒಂದೇ ಅಚ್ಚನ್ನು ಬಳಸಿಲ್ಲ. 2017ರ ಟೂರ್ ಡಿ ಫ್ರಾನ್ಸಿನಲ್ಲಿ ಐದು ಹಂತಗಳನ್ನು ಗೆದ್ದ ಜರ್ಮನಿಯ ಮಾರ್ಸೆಲ್ ಕಿಟೆಲ್ 1.88 ಮೀಟರ್ ಎತ್ತರದ ಭಾರೀ ಆಳು; ಅದೇ ಸ್ಪರ್ಧೆಯಲ್ಲಿ 2019 ಮತ್ತು 2020ರಲ್ಲಿ ಒಟ್ಟು ಐದು ಹಂತಗಳನ್ನು ಗೆದ್ದ ಆಸ್ಟ್ರೇಲಿಯದ ಕೇಲೆಬ್ ಯುವನ್ 1.65 ಮೀಟರಿನ ಕುಳ್ಳ. ದೇಹ ದೊಡ್ಡದಾದಂತೆ ಸ್ನಾಯುವಿನ ರಾಶಿಯು ಗಾಳಿಗೆ ಒಡ್ಡುವ ಮೈಗಿಂತ ಶೀಘ್ರವಾಗಿ ಬೆಳೆಯುವುದರಿಂದ, ಸಪಾಟಾದ ದಾರಿಯಲ್ಲಿ ದೊಡ್ಡವನಿಗೆ ಸಹಜವಾಗಿಯೇ ಮೇಲುಗೈ. ಈ ಅನ್ಯಾಯಕ್ಕೆ ಯುವನ್ ಕಂಡುಕೊಂಡ ಪರಿಹಾರವೆಂದರೆ, ಸೀಟಿನಿಂದೆದ್ದು ದೇಹವನ್ನು ಮುಂದಕ್ಕೆ ಚಾಚಿ, ಗಲ್ಲವು ಮುಂದಿನ ಗಾಲಿಯ ಮೇಲೆ ತೂಗುವಷ್ಟು ತಗ್ಗಿ ತುಳಿಯುವ ಭಂಗಿ. ಅನಂತರ ನಡೆದ ಪ್ರಯೋಗಗಳಲ್ಲಿ, ಈ ಭಂಗಿಯು ಗಾಳಿಯ ತಡೆಯನ್ನು ಸುಮಾರು ಕಾಲುಭಾಗದಷ್ಟು ತಗ್ಗಿಸುವುದೆಂದೂ, ಅಷ್ಟೇ ಬಲಕ್ಕೆ ಗಂಟೆಗೆ ನಾಲ್ಕೈದು ಕಿಲೋಮೀಟರಿನಷ್ಟು ಹೆಚ್ಚಿನ ವೇಗವನ್ನು ಕೊಡಬಲ್ಲುದೆಂದೂ ಕಂಡುಬಂದಿತು. ಗಂಟೆಗೆ 65 ಕಿಲೋಮೀಟರ್ ವೇಗದಲ್ಲಿ ಇನ್ನೂರು ಮೀಟರುಗಳಿಗೆ ಹನ್ನೊಂದು ಸೆಕೆಂಡುಗಳು ಹಿಡಿಯುವುದರಿಂದ, ವೇಗದಲ್ಲಿ ಒಂದೇ ಒಂದು ಕಿಲೋಮೀಟರಿನ ಹೆಚ್ಚಳವೂ ಗುರಿರೇಖೆಯ ಬಳಿ ಮೂರು ಮೀಟರುಗಳ ಅಂತರವಾಗುತ್ತದೆ. ಅದು ಸುಮಾರು ಎರಡು ಸೈಕಲ್ಲುಗಳ ಉದ್ದ.

ಈ ವಿದ್ಯೆಯ ಪರಮಾಚಾರ್ಯನೆನ್ನಬಹುದಾದ ಮಾರ್ಕ್ ಕ್ಯಾವೆಂಡಿಷ್, ಐಲ್ ಆಫ್ ಮ್ಯಾನ್ ದ್ವೀಪದಲ್ಲಿ 1985ರಲ್ಲಿ ಹುಟ್ಟಿದವನು. ತಾರುಣ್ಯದಲ್ಲಿ ಪ್ರಯೋಗಶಾಲೆಯ ನಿಂತ ಸೈಕಲ್ಲಿನ ಮೇಲೆ ಪರೀಕ್ಷಿಸಿದಾಗ ಅವನ ಅಂಕಿಗಳು ನಿರಾಶಾದಾಯಕವಾಗಿದ್ದವು. ಆದರೆ ಆ ಯಂತ್ರಕ್ಕೆ ಅಳೆಯಲು ಬಾರದ ಮೂರು ಗುಣಗಳು ಅವನಲ್ಲಿದ್ದವು: ಹ್ಯಾಂಡಲ್ಲಿನ ಮೇಲೆ ಬಾಗಿ ಮೈಯನ್ನು ಗಾಳಿಗೆ ಕಿರಿದಾಗಿಸುವ ಭಂಗಿ, ದೀರ್ಘ ದಿನದ ಕೊನೆಯಲ್ಲಿಯೂ ಮಾಸದ ಚುರುಕು, ಮತ್ತು ಕಿಕ್ಕಿರಿದ ಗುಂಪಿನಲ್ಲಿ ಮುಂದೆ ಎಲ್ಲಿ ಎಡೆ ತೆರೆದೀತೆಂಬುದನ್ನು ಮೊದಲೇ ಕಾಣುವ ಕಣ್ಣು. ಈ ಮೂರನೆಯದನ್ನು ಅವನು ಬಹುಮಟ್ಟಿಗೆ ವೆಲೊಡ್ರೋಮಿನ ಮ್ಯಾಡಿಸನ್ ಸ್ಪರ್ಧೆಯಿಂದ ಗಳಿಸಿದನೆನ್ನಬಹುದು. ಇಬ್ಬಿಬ್ಬರ ಜೋಡಿಗಳು ಓಡುತ್ತಲೇ ಕೈಹಿಡಿದು ಒಬ್ಬರನ್ನೊಬ್ಬರು ಮುಂದಕ್ಕೆಸೆಯುವ ಆ ಗೊಂದಲದ ಆಟದಲ್ಲಿ ಅವನು 2005, 2008, 2016ರಲ್ಲಿ ವಿಶ್ವವಿಜೇತನಾಗಿದ್ದನು.

ಸ್ಪ್ರಿಂಟರನ ಗೆಲುವಿನಲ್ಲಿ ಅವನದಲ್ಲದ ಪಾಲೂ ದೊಡ್ಡದು. ಅಂತಿಮ ಕಿಲೋಮೀಟರುಗಳಲ್ಲಿ ತಂಡದ ಸಂಗಡಿಗರು ಒಬ್ಬರ ಹಿಂದೊಬ್ಬರು ರೈಲಿನ ಡಬ್ಬಿಗಳಾಗಿ ಕೂಡಿಕೊಂಡು, ಮುಂದಿನವನು ತನ್ನ ಕಸುವನ್ನೆಲ್ಲ ಸುರಿದು ಪಕ್ಕಕ್ಕೆ ಸರಿದೊಡನೆ ಹಿಂದಿನವನು ಗಾಳಿಯ ಭಾರವನ್ನು ಹೊತ್ತು, ವೇಗವನ್ನು ಹಂತಹಂತವಾಗಿ ಏರಿಸುತ್ತ ಹೋಗುತ್ತಾರೆ. ವೇಗವು ಅತಿಯಾಗಿರುವುದರಿಂದ ಎದುರಾಳಿಗಳು ಮುಂದಕ್ಕೆ ಹಾಯಲಾರರು. ಸಾಲಿನ ತುದಿಯಲ್ಲಿರುವ ಸ್ಪ್ರಿಂಟರನಿಗೆ ಗಾಳಿಯ ಸ್ಪರ್ಶವೂ ಆಗದು. ಕ್ಯಾವೆಂಡಿಷನ ಕೊಲಂಬಿಯಾ–ಎಚ್‌ಟಿಸಿ ತಂಡದಲ್ಲಿ ಈ ಸಾಲಿನ ಕೊನೆಯ ಹೊಣೆ ಆಸ್ಟ್ರೇಲಿಯದ ಮಾರ್ಕ್ ರೆನ್‌ಷಾನದು. 2009ರ ಟೂರಿನ ಅಂತಿಮ ದಿನ, ಪ್ಯಾರಿಸಿನ ಶಾಂಜೆಲಿಜೆ ಬೀದಿಯಲ್ಲಿ, ರೆನ್‌ಷಾ ತಿರುವನ್ನು ಎಷ್ಟು ವೇಗವಾಗಿ ದಾಟಿಸಿದನೆಂದರೆ, ಕ್ಯಾವೆಂಡಿಷ್ ಗೆದ್ದದ್ದಷ್ಟೇ ಅಲ್ಲ, ಅವನನ್ನು ಎಳೆದು ತಂದ ರೆನ್‌ಷಾನೇ ಎರಡನೆಯವನಾದನು. ದಾರಿಮಾಡಿಕೊಟ್ಟು ಹಿಂದೆ ಸರಿಯಬೇಕಾದವನನ್ನು ಕೂಡ ಉಳಿದವರು ಹಿಡಿಯಲಾರದೆ ಹೋದರೆಂದ ಮೇಲೆ, ಆ ಗೆಲುವು ಕೊನೆಯ ಇನ್ನೂರು ಮೀಟರಿಗೆ ಮುಂಚೆಯೇ ನಿಶ್ಚಯವಾಗಿತ್ತೆಂದು ಹೇಳಬೇಕಾಗುತ್ತದೆ.

ಸಾಲು ಚದುರಿದಾಗ ಸ್ಪ್ರಿಂಟರನು ತನ್ನ ಬುದ್ಧಿಯನ್ನೇ ನಂಬಬೇಕು. ಎದುರುಗಾಳಿಯಿದ್ದರೆ ಮರೆಯ ಬೆಲೆ ಹೆಚ್ಚುವುದರಿಂದ ತಡವಾಗಿ ಹೊರಡಬೇಕು. ಹಿಂಗಾಳಿಯಿದ್ದರೆ ಮರೆಯ ಬೆಲೆ ತಗ್ಗುವುದರಿಂದ ಬೇಗ ಹೊರಡುವವನಿಗೆ ಲಾಭ. ಅಡ್ಡಗಾಳಿಯಿದ್ದರೆ, ಹಿಂಬಾಲಿಸುವವನಿಗೆ ಮರೆ ಸಿಗದಂತೆ ರಸ್ತೆಯ ಅಂಚನ್ನು ಹಿಡಿದು ಓಡಬೇಕು. ಗೇರಿನ ಆಯ್ಕೆಯೂ ಮೊದಲೇ ಆಗಿರಬೇಕು: ಮುಂದೆ 54 ಹಲ್ಲು, ಹಿಂದೆ 11 ಹಲ್ಲು ಇದ್ದರೆ ಪೆಡಲಿನ ಒಂದು ಸುತ್ತಿಗೆ ಸೈಕಲ್ಲು ಹತ್ತು ಮೀಟರುಗಳಿಗೂ ಹೆಚ್ಚು ದೂರ ಸಾಗುತ್ತದೆ, ನಿಮಿಷಕ್ಕೆ 110 ಸುತ್ತು ತುಳಿದರೆ ವೇಗ ಗಂಟೆಗೆ 68 ಕಿಲೋಮೀಟರ್. ಅದಕ್ಕಿಂತ ಹಗುರವಾದ ಗೇರಿನಲ್ಲಿ ಕಾಲು ಬರಿದೆ ಗಿರಕಿ ಹೊಡೆಯುವುದು. ಅತಿ ಭಾರವಾದುದರಲ್ಲಿ ಜಿಗಿತವೇ ಮಂದವಾಗುವುದು. ಕಟ್ಟಕಡೆಗೆ, ತೋಳುಗಳನ್ನು ಚಾಚಿ ಸೈಕಲ್ಲನ್ನು ತನ್ನ ದೇಹಕ್ಕಿಂತ ಮುಂದಕ್ಕೆ ನೂಕಿ ರೇಖೆಯನ್ನು ಮುಟ್ಟಿಸುವ ಕೌಶಲವಿದೆ. 2017ರಲ್ಲಿ ನ್ವೀ ಸೇಂಟ್ ಜಾರ್ಜ್ ಎಂಬಲ್ಲಿ ಕಿಟೆಲ್ ನಾರ್ವೆಯ ಎಡ್ವಾಲ್ಡ್ ಬೊಆಸನ್ ಹಾಗೆನ್‌ನನ್ನು ಸೋಲಿಸಿದುದು ಆರು ಮಿಲಿಮೀಟರುಗಳಿಂದ. ಕಾಲದ ಲೆಕ್ಕದಲ್ಲಿ ಒಂದು ಸೆಕೆಂಡಿನ ಹತ್ತುಸಾವಿರದಲ್ಲಿ ಮೂರು ಪಾಲು.

ಇಷ್ಟು ಇಕ್ಕಟ್ಟಿನಲ್ಲಿ ಇಷ್ಟು ವೇಗವೆಂದರೆ ಅಪಾಯವು ನೆರಳಿನಂತೆ ಜೊತೆಗಿರುತ್ತದೆ. 2020ರ ಆಗಸ್ಟ್ 5ರಂದು ಪೋಲೆಂಡಿನ ಕಾಟೋವಿಟ್ಸೆಯಲ್ಲಿ, ಇಳಿಜಾರಿನ ಗುರಿಯತ್ತ ಧಾವಿಸುವಾಗ ಡೈಲನ್ ಗ್ರುನವೇಗನ್ ತನ್ನ ಸಾಲನ್ನು ಬಿಟ್ಟು ಓರೆಯಾದುದರಿಂದ ಫಾಬಿಯೊ ಯಾಕಬ್ಸನ್ ತಡೆಗೋಡೆಗೆ ಅಪ್ಪಳಿಸಿ ಪ್ರಾಣಾಪಾಯಕ್ಕೆ ಸಿಲುಕಿದನು. ಗ್ರುನವೇಗನ್‌ಗೆ ಒಂಬತ್ತು ತಿಂಗಳ ನಿಷೇಧವಾಯಿತು. ಆದರೆ ಯಾಕಬ್ಸನ್ ಮರುವರ್ಷವೇ ಸ್ಪೇನಿನ ಮಹಾಸ್ಪರ್ಧೆಯಾದ ವುವೆಲ್ಟಾದಲ್ಲಿ ಮೂರು ಹಂತಗಳನ್ನು ಗೆದ್ದನು. 2022ರ ಟೂರಿನ ಎರಡನೆಯ ಹಂತವನ್ನು ಯಾಕಬ್ಸನ್, ಮೂರನೆಯದನ್ನು ಗ್ರುನವೇಗನ್ ಗೆದ್ದರು. ಭಯವನ್ನು ಅರಿಯದವನು ಈ ಆಟದಲ್ಲಿ ಬಹುಕಾಲ ಉಳಿಯಲಾರ. ಭಯವನ್ನರಿತೂ ಬ್ರೇಕಿನ ಮೇಲೆ ಬೆರಳಿಡದಿರುವುದೇ ಅವನ ಧೈರ್ಯದ ಸ್ವರೂಪ.

ಮೂರು ವಾರಗಳ ಸ್ಪರ್ಧೆಯಲ್ಲಿ ಸ್ಪ್ರಿಂಟರನಿಗೆ ಇನ್ನೊಂದು ಕಂಟಕವಿದೆ, ಅದು ಪರ್ವತ. ಪ್ರತಿದಿನವೂ ವಿಜೇತನ ಕಾಲಕ್ಕೆ ಇಂತಿಷ್ಟು ಶೇಕಡಾ ಸೇರಿಸಿದ ಅವಧಿಯೊಳಗೆ ಗುರಿ ಮುಟ್ಟದವನು ಸ್ಪರ್ಧೆಯಿಂದ ಹೊರಬೀಳುತ್ತಾನೆ. ಬಯಲಿನಲ್ಲಿ ವರವಾದ ಮೈಭಾರ ಆಲ್ಪ್ಸಿನಲ್ಲಿ ಶಾಪವಾಗುತ್ತದೆ. 2018ರ ಟೂರಿನ ಹನ್ನೊಂದನೆಯ ಹಂತದಲ್ಲಿ ಕ್ಯಾವೆಂಡಿಷ್, ಕಿಟೆಲ್, ರೆನ್‌ಷಾ ಮೂವರೂ ಅವಧಿಯೊಳಗೆ ತಲುಪದೆ ಹೊರಬಿದ್ದರು. ಮರುದಿನ ಗ್ರೈಪಲ್, ಗವೀರಿಯಾ, ಗ್ರುನವೇಗನ್ ಎಂಬ ಇನ್ನೂ ಮೂವರು ಸ್ಪ್ರಿಂಟರರು ನಡುದಾರಿಯಲ್ಲೇ ಸ್ಪರ್ಧೆಯನ್ನು ತ್ಯಜಿಸಿದರು. ಎರಡೇ ದಿನಗಳಲ್ಲಿ ಜಗತ್ತಿನ ಅತಿವೇಗದ ಸವಾರರ ಬಹುಪಾಲು ಬರಿದಾಯಿತು. ಇದೇ ಕ್ಯಾವೆಂಡಿಷ್, ದೀರ್ಘಕಾಲದ ಅನಾರೋಗ್ಯದಿಂದಲೂ ಸೋಲುಗಳಿಂದಲೂ ಎಲ್ಲರ ಲೆಕ್ಕದಿಂದ ಬಿಟ್ಟುಹೋಗಿದ್ದವನು, 2021ರಲ್ಲಿ ಮರಳಿ ಬಂದು ನಾಲ್ಕು ಹಂತಗಳನ್ನು ಗೆದ್ದು ಎಡ್ಡಿ ಮರ್ಕ್ಸ್‌ನ 34 ಗೆಲುವುಗಳ ದಾಖಲೆಯನ್ನು ಸರಿಗಟ್ಟಿದನು; 2024ರ ಜುಲೈ 3ರಂದು ಸೇಂಟ್ ವುಲ್ಬಾದಲ್ಲಿ, ತನ್ನ ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, 35ನೆಯದನ್ನು ಗೆದ್ದು ಅದನ್ನು ಮುರಿದನು. ಅದೇ ಟೂರಿನ ಮೊದಲ ದಿನ ಅವನು ಬಿಸಿಲಿನಲ್ಲಿ ವಾಂತಿ ಮಾಡಿಕೊಳ್ಳುತ್ತ, ಸಂಗಡಿಗರ ಆಸರೆಯಿಂದ ಅವಧಿಯೊಳಗೆ ಹೇಗೋ ಗುರಿ ಸೇರಿದ್ದನು. ಆ ದಿನ ಉಳಿದುಕೊಂಡುದರಿಂದಲೇ ಐದನೆಯ ದಿನದ ಗೆಲುವು ಸಾಧ್ಯವಾಯಿತು.

ಅದೇ 2024ರ ಟೂರಿನಲ್ಲಿ ನಮ್ಮಂಥ ಪೀಠಭೂಮಿಯವರಿಗೆ ಇನ್ನೂ ಹತ್ತಿರವಾದ ಘಟನೆಯೊಂದು ನಡೆಯಿತು. ಆಫ್ರಿಕದ ಎರಿಟ್ರಿಯಾದ ಬಿನಿಯಾಮ್ ಗಿರ್ಮಾಯ್ ಮೂರು ಹಂತಗಳನ್ನು ಗೆದ್ದು, ಅಂಕಗಳ ಹಸುರು ಅಂಗಿಯನ್ನು ಪ್ಯಾರಿಸ್ ಬದಲು ನೀಸ್ ನಗರದಲ್ಲಿ ಮುಕ್ತಾಯವಾದ ಆ ಸ್ಪರ್ಧೆಯ ಕೊನೆಯವರೆಗೂ ಉಳಿಸಿಕೊಂಡನು. ಟೂರಿನ ಹಂತವೊಂದನ್ನು ಗೆದ್ದ ಮೊದಲ ಕಪ್ಪು ಆಫ್ರಿಕನನು ಅವನೇ. ಅವನ ಊರಾದ ಅಸ್ಮಾರಾ ಎರಡು ಸಾವಿರ ಮೀಟರಿಗೂ ಮೀರಿದ ಎತ್ತರದಲ್ಲಿದೆ. ಆದರೆ ಆ ಎತ್ತರವೊಂದರಿಂದಲೇ ಅವನು ರೂಪುಗೊಂಡನೆಂದು ಹೇಳಿದರೆ ವಿಷಯದ ಅರ್ಧವನ್ನು ಬಿಟ್ಟಂತಾಗುತ್ತದೆ. ಇಟಲಿಯ ಆಳ್ವಿಕೆಯ ಕಾಲದಿಂದ ಆ ನಾಡಿನಲ್ಲಿ ಬೇರೂರಿದ ಸೈಕಲ್ ಸ್ಪರ್ಧೆಯ ಸಂಪ್ರದಾಯದಿಂದಾಗಿ, ಅಲ್ಲಿಯ ಹುಡುಗರು ಎಳೆವಯಸ್ಸಿನಿಂದಲೇ ದೊಡ್ಡ ಗುಂಪಿನಲ್ಲಿ ಭುಜಕ್ಕೆ ಭುಜ ತಾಗಿಸಿ ಓಡಿಸುವುದನ್ನು ಕಲಿಯುತ್ತಾರೆ. ಗಾಳಿಯ ನೆರಳನ್ನು ಹುಡುಕುವ ವಿದ್ಯೆ ಗುಂಪಿಲ್ಲದ ಕಡೆ ಹುಟ್ಟಲಾರದು.

ನಮ್ಮ ಕಡೆಯಲ್ಲಿಯೂ ಬೀಜಗಳಿಲ್ಲವೆಂದಲ್ಲ. ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳ ಹುಡುಗರೂ ಹುಡುಗಿಯರೂ ರಾಷ್ಟ್ರೀಯ ಸೈಕಲ್ ಸ್ಪರ್ಧೆಗಳಿಂದ ಪದಕಗಳನ್ನು ತರುತ್ತಲೇ ಬಂದಿದ್ದಾರೆ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸೈಕಲ್ ಶರ್ಯತ್ತು ಇಂದಿಗೂ ಜನರನ್ನು ರಸ್ತೆಯ ಬದಿಗೆ ಸೆಳೆಯುತ್ತದೆ. ಅದೇ ಎರೆನೆಲ, ಅದೇ ಬಿಸಿಲು, ಅದೇ ಗಾಳಿ ಬೀದರ, ಆಳಂದಗಳನ್ನು ದಾಟಿ ಉಮರ್ಗಾ, ನಿಲಂಗಾ, ಉದಗೀರಗಳವರೆಗೆ ಹಬ್ಬಿವೆ. ಈ ಸೀಮೆಯ ಶಾಲೆಯೊಂದರ ವ್ಯಾಯಾಮದ ಮಾಸ್ತರರಿಗೆ ಸ್ಪ್ರಿಂಟರನನ್ನೋ ಸ್ಪ್ರಿಂಟರಳನ್ನೋ ಹುಡುಕುವ ಮನಸ್ಸಾದರೆ, ಮಕ್ಕಳನ್ನು ಒಬ್ಬೊಬ್ಬರಾಗಿ ಇನ್ನೂರು ಮೀಟರ್ ಓಡಿಸಿ ಗಡಿಯಾರ ನೋಡುವುದರಿಂದ ಅವರಿಗೆ ತಿಳಿದುಬರುವುದು ಅತ್ಯಲ್ಪ. ಆ ಪರೀಕ್ಷೆಯಲ್ಲಿ ತರುಣ ಕ್ಯಾವೆಂಡಿಷನೇ ಹಿಂದೆ ಬಿದ್ದಾನು. ಇಪ್ಪತ್ತು ಮೂವತ್ತು ಮಂದಿಯನ್ನು ಒಂದೇ ಗುಂಪಾಗಿ, ವಾಹನಗಳಿಲ್ಲದ ದಾರಿಯಲ್ಲಿ, ಆಷಾಢದ ಅಡ್ಡಗಾಳಿಗೆ ಒಡ್ಡಿ ಎಪ್ಪತ್ತು ಎಂಬತ್ತು ಕಿಲೋಮೀಟರ್ ಸಾಗಿಸಬೇಕು. ದಾರಿಯುದ್ದಕ್ಕೂ ಯಾರು ಅನಾವಶ್ಯಕವಾಗಿ ಮುಂದೆ ಬಂದು ಗಾಳಿಗೆ ಎದೆಯೊಡ್ಡಿದರು, ಯಾರು ಸಂಗಡಿಗರ ಮರೆಯನ್ನು ಬಿಡದೆ ಹಿಡಿದರು, ಗಾಳಿಯ ದಿಕ್ಕು ಬದಲಾದಾಗ ಯಾರು ಮೊದಲು ಬದಿ ಬದಲಿಸಿದರು ಎಂಬುದನ್ನು ಗಮನಿಸಬೇಕು. ಆಮೇಲೆ, ಎಲ್ಲರ ಕಾಲುಗಳೂ ಸೋತಿರುವಾಗ, ಕೊನೆಯ ಇನ್ನೂರು ಮೀಟರನ್ನು ಓಡಿಸಿ ನೋಡಬೇಕು. ಆಗ ಮೊದಲು ಬಂದವನು ಊರಿನ ಅತ್ಯಂತ ಬಲಶಾಲಿಯಾಗಿರಲಾರ. ಆದರೆ ತರಬೇತಿಗೆ ಯೋಗ್ಯನಾದವನು ಅವನೇ, ಯಾತಕ್ಕೆಂದರೆ ಬಲವನ್ನು ವರ್ಷಗಟ್ಟಲೆ ದುಡಿದು ಬೆಳೆಸಬಹುದು, ಅದನ್ನು ಕಾಯ್ದಿಟ್ಟುಕೊಳ್ಳುವ ವಿವೇಕವನ್ನಾದರೋ ಎಳೆಯ ವಯಸ್ಸಿನಲ್ಲಿ ಗುಂಪಿನ ನಡುವೆಯೇ ಕಲಿತಿರಬೇಕು.